ಪರದಾದ ಹಿಂದಿನ ಸಾಲು

...ಕುಂದ್ರಿ ಸುಭದ್ರಕ್ಕಾ, ನಿಂತೇ ಇದ್ದೀರಲ್ಲಾ. ಆ ಖಾಲಿ ಕೊಡ ಟೇಬಲ್ ಮ್ಯಾಲಿಂದ ತೆಗೀರಿ, ಟ್ಯಾಂಕರ್ ಗುತ್ತಿಗಿ ಹಿಡದ ಠೇಕೇದಾರ ಸಾಹೇಬ್ರು ಬಂದ್ರ ಮೊದ್ಲ ಅದನ್ನೇ ನೋಡ್ತಾರ. ತೆಗೆಯಂಗಿಲ್ಲಾ? ಆಯ್ತು... ಇರಲಿ. ಬಾಗಲಾ ಹಾಕಲೇನು? ಬ್ಯಾಡಾ. ಆಯ್ತು, ಆಯ್ತು.

ನಿಮ್ಮ ಮಗಳು ಸಖುಬಾಯಿ ನೀರು ಸೇದಾಕ ಹೋಗಿ ಬಾವ್ಯಾಗ ಬಿದ್ಳು ಅಂತ ಕೇಳಿದಾಗಿಂದ ನನಗ ಒಂದು ತುತ್ತು ಇಳದಿಲ್ಲರಿ. ಕಣ್ಣು ತೆಗದಾಳೇನು? ಬೀದರ ದವಾಖಾನ್ಯಾಗ ಛಲೋ ನೋಡ್ತಾರ ಅಂತಾರ... ಇನ್ನಾ ತೆಗದಿಲ್ಲಾ. ಯಾ ಅಲ್ಲಾ.

ಕೇಳ್ರಿ, ಈ ಗುಲಶನ ಬರೇ ಕಂಪ್ಯೂಟರ್ ಕೆಲ್ಸದಾಕಿ. ಯಾ ಊರಿಗಿ ಟ್ಯಾಂಕರ್ ಹೋಗಬೇಕು ಅಂಬೋ ಪೇಜು ನಾನೇ ಮಾಡಿದ್ದು. ಅದರಾಗ ಕಂಪ್ಯೂಟರ್ ಮಷೀನಿಗಿ ಹುಕುಂ ಕೊಡೋ ಒಂದು ಸಾಲು ಇತ್ತು... ಊರಾಗ ಅರ್ಧ ಮನಿಗಿ ಕೀಲಿ ಬಿದ್ದಿದ್ರ ನೀರು ಬಂದ್ ಮಾಡು, ಡ್ರೈವರ್ ಚಾಂದ ಪಾಶಾನ ಫೋನಿಗಿ ಹೇಳು, ಟ್ಯಾಂಕರ್ ಬ್ಯಾರೆ ಕಡಿ ಕಳಸು. ಬರ ಬಿದ್ದು ನಿಮ್ಮ ಖಟಕ ಚಿಂಚೋಳಿ ಮಂದಿ ಕಬ್ಬು ಕಡ್ಯಾಕ ಹೋಗಿದ್ರಲ್ಲಾ, ಆವಾಗ ಸಾಹೇಬ್ರ ಮಂದಿ ಕೀಲಿ ಬಿದ್ದ ಮನಿ ಎಣಿಸಿ ಬರಕೊಂಡಿದ್ರು. ಉಗಾದಿಗಿ ನೀವೆಲ್ಲಾ ಹೊಳ್ಳಿ ಬಂದ್ರಿ. ಸಾಹೇಬ್ರು, ಆ ಸಾಲು ಬಂದ್ ಮಾಡು ಗುಲಶನ ಅಂದ್ರು.

ಬಂದ್ ಮಾಡ್ದೆ... ಮಾಡ್ದೆ ಅಂದ್ಕೊಂಡೆ. ಪೇಜಿನಾಗ ಬ್ಯಾಡಾದದ್ದು ಮುಚ್ಚಾಕ ಒಂದು ಗುರ್ತು ಅದರಿ. ಆ ಸಾಲಿನ ಹಿಂದ ಮುಂದ ಅದನ್ನ ಹಾಕಿದೆ. ಸಾಲು ಮಾಯ. ಆದ್ರ ಆ ಗುರ್ತು ಬರೇ ಕಣ್ಣಿಗಿ ಪರದಾ. ಮಷೀನು ತನ್ನ ಕೆಲ್ಸ ಮೊದ್ಲೇ ಮಾಡಿ ಮುಗಿಸ್ತದ, ಪೇಜು ಆಮ್ಯಾಗ ಕಾಣ್ತದ. ಮಷೀನಿನ ಕೆಲ್ಸ ನಿಲ್ಸಾಕ ಬ್ಯಾರೆ ಗುರ್ತೇ ಹಾಕಬೇಕು. ಪರದಾ ಎಳದ್ರ ಹಿಂದಿನ ಒಲಿ ಆರ್ತದೇನರಿ? ಇಲ್ಲಿ ಪೇಜಿನಾಗ ನಿಮ್ಮೂರ ಹೆಸರು ಛಂದಾಗಿ ಕಾಣ್ತಿತ್ತು, ಅಲ್ಲಿ ದಿನಾ ಮುಂಜಾನಿ ಚಾಂದ ಪಾಶಾಗ ಖಟಕ ಚಿಂಚೋಳಿಗಿ ಹೋಗಬ್ಯಾಡ ಅಂತ ಮೆಸೇಜ್ ಹೋಗ್ತಿತ್ತು.

ಯಾಕ ನಗ್ತೀರಿ? ಹಾಂಗ ನಗಬ್ಯಾಡ್ರಿ ಅಕ್ಕಾ, ಅಂಜಿಕಿ ಬರ್ತದ.

ನನಗ ನಿನ್ನಿನೇ ಗೊತ್ತಾಗಿದ್ದರಿ. ಖರೇನೇ. ಸಖುಬಾಯಿ ಸುದ್ದಿ ಬಂದ ಮ್ಯಾಲೇ ತೆಗದು ನೋಡ್ದೆ. ಅಲ್ಲಾನ ಕಸಮ್... ಕಿಡಕಿ ಹೊರಗ ಏನು ನೋಡ್ತೀರಿ? ಅದು ನಮ್ಮ ಮನಿ ಹಿತ್ತಲ, ಈ ಆಫೀಸಿಗಿ ಹತ್ತಿದ್ದು. ಡ್ರಮ್ಮು... ಹೌದು, ನಮ್ಮವೇ. ನಾಕೂ ತುಂಬ್ಯಾವ.

ಬೈರಿ ನನಗ. ಆ ಡ್ರಮ್ಮಿನ ಮ್ಯಾಲಿಂದ ಕಣ್ಣರೆ ತೆಗೀರಿ ಅಕ್ಕಾ...

ಸೋಮವಾರ. ಸೋಮವಾರ ಈ ಭಾಲ್ಕಿಯೊಳಗ ನಮ್ಮ ಓಣಿಗಿ ಟ್ಯಾಂಕರ್ ಬಂತು. ನಮ್ಮ ಓಣಿ ಹೆಸರು ಪಟ್ಟಿದಾಗೇ ಇದ್ದಿದ್ದಿಲ್ಲ. ಯಾರ ನೀರು ಅಂತ ನನಗ ಆವಾಗೇ ತಿಳೀತರಿ. ಡ್ರಮ್ಮು ತುಂಬಲಿ, ನಾಳಿ ಸರಿ ಮಾಡ್ತೇನಿ ಅಂದ್ಕೊಂಡೆ. ಮಂಗಳವಾರನೂ ಹಾಂಗೇ ಅಂದ್ಕೊಂಡೆ...

ಬುಧವಾರ ಸಖುಬಾಯಿ ಬಿದ್ಳು.