ಮೋಡ ಕವಿದ ದಿನ ಅಕ್ಕನ ಉಸಿರು

ಅಧ್ಯಕ್ಷ ಸ್ಥಾನದಲ್ಲಿರುವ ದರ್ಜಿ ಅಣ್ಣನವರೇ, ವೇದಿಕೆಯ ಮೇಲಿನ ಗಣ್ಯರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ನನ್ನ ಬೀದಿಯ ಸಭಿಕರೇ,

ನಮ್ಮ ಬೀದಿಯ ಬ್ಯಾಟರಿ ಕೋಣೆಯ ಉದ್ಘಾಟನೆಯ ದಿನ ಮುಗಿಯದ ಇಂಧನಗಳ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದೀರಿ. ಈ ವಿಜ್ಞಾನದ ಮೇಡಂ ಗಂಟೆ ಹೊಡೆಯುವವರೆಗೆ ಮಾತು ನಿಲ್ಲಿಸುವುದಿಲ್ಲ ಎಂಬ ಭಯ ನಿಮಗಿರಬಹುದು. ಭಯಪಡಬೇಡಿ. ಭಯಪಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.

ಸೂರ್ಯನಿಂದ ವಿದ್ಯುತ್ ಹೇಗೆ ಬರುತ್ತದೆ? ಬಿಸಿಲಿನ ಕಾವಿನಿಂದಲ್ಲ, ಬೆಳಕಿನಿಂದ. ಬೆಳಕು ಬಿದ್ದಾಗ ಫಲಕದೊಳಗಿನ ಎಲೆಕ್ಟ್ರಾನುಗಳು ಜಾಗ ಬಿಟ್ಟು ಹರಿಯತೊಡಗುತ್ತವೆ. ಆ ಹರಿವೇ ವಿದ್ಯುತ್. ಮೋಡ ಕವಿದರೆ ಹರಿವು ಕುಗ್ಗುತ್ತದೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೆನೋ! ಅರ್ಥವಾದದ್ದು ಮಾತ್ರ ಅಕ್ಕನ ಮಂಚದ ಪಕ್ಕ ಕೂತಾಗ.

ಅಕ್ಕ ನಿಮಗೆಲ್ಲ ಗೊತ್ತು. ಅಮ್ಮ ತೀರಿಕೊಂಡ ಮೇಲೆ ಬಟ್ಟೆ ಗಿರಣಿಯಲ್ಲಿ ದುಡಿದು ನನ್ನನ್ನು ಓದಿಸಿದವಳು. ಆ ಹತ್ತಿಯ ಧೂಳು ಅವಳ ಎದೆಯಲ್ಲೇ ಉಳಿಯಿತು. ಈಗ ಆಕ್ಸಿಜನ್ ಯಂತ್ರವಿಲ್ಲದೆ ಆಗುವುದಿಲ್ಲ. ಯಂತ್ರಕ್ಕೆ ಕರೆಂಟು ಬೇಕು. ಅದಕ್ಕೇ ತಾರಸಿಯ ಮೇಲೆ ಸೋಲಾರ್ ಹಾಕಿಸಿದ್ದೆ.

ಹೋದ ವರ್ಷದ ಬಿರುಗಾಳಿ ನೆನಪಿದೆಯಲ್ಲ? ಕಂಬಗಳು ಉರುಳಿದವು, ಕರೆಂಟು ಹೋಯಿತು, ಆಸ್ಪತ್ರೆ ರಸ್ತೆಗೆ ಮರ ಬಿತ್ತು. ಆಕ್ಸಿಜನ್ ಸಿಲಿಂಡರ್ ತರುವ ಗಾಡಿ ಮರದ ಆಚೆಗೇ ನಿಂತಿತು. ಮರುದಿನವೂ ಮೋಡ. ನಮ್ಮ ಬ್ಯಾಟರಿಯ ಹಸಿರು ದೀಪಗಳು ಒಂದೊಂದೇ ಆರುತ್ತಿದ್ದವು. ಫ್ರಿಜ್ಜು, ಫ್ಯಾನು ಎಲ್ಲ ನಿಲ್ಲಿಸಿ ಆ ದೀಪಗಳನ್ನೇ ನೋಡುತ್ತ ಕೂತೆ.

“ನೀನು ದುರುಗುಟ್ಟಿ ನೋಡಿದ್ರೆ ಅದು ಹೆದರ್ಕೊಂಡು ಚಾರ್ಜ್ ಆಗುತ್ತೇನೇ?” ಎಂದಳು ಅಕ್ಕ. ನಗಲು ಹೋಗಿ ಕೆಮ್ಮು ಹತ್ತಿತು. ತುಟಿ ನೀಲಿಗಟ್ಟುತ್ತಿತ್ತು.

ಬೀದಿಗೆ ಓಡಿದೆ. ಎದುರಿನ ವೆಲ್ಡಿಂಗ್ ಅಂಗಡಿಯ ತಾರಸಿಯಲ್ಲಿ ಗಾಳಿಯಂತ್ರ ಗಿರಗಿರ ತಿರುಗುತ್ತಿತ್ತು. ಗಾಳಿ ರೆಕ್ಕೆಯನ್ನು ತಿರುಗಿಸುತ್ತದೆ, ರೆಕ್ಕೆ ಒಳಗಿನ ಆಯಸ್ಕಾಂತವನ್ನು. ತಂತಿಸುರುಳಿಯ ನಡುವೆ ಆಯಸ್ಕಾಂತ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ. ಅಣೆಕಟ್ಟಿನಲ್ಲಿ ಆ ತಿರುಗಿಸುವ ಕೆಲಸ ನೀರಿನದು. ಕ್ಷಮಿಸಿ, ಪಾಠ ಶುರುವಾಯಿತು.

“ಅಣ್ಣಾ, ಸ್ವಲ್ಪ ಕರೆಂಟು...” ಎಂದೆ ಅಂಗಡಿಯವರಿಗೆ.

“ಅಕ್ಕಂಗಾ? ನಡೀರಿ,” ಎಂದವರೇ ಕೇಬಲ್ ಸುರುಳಿಯನ್ನು ಹೆಗಲಿಗೇರಿಸಿದರು. ಅದು ಬೀದಿಯಲ್ಲಿ ನಿಂತ ಮಳೆನೀರಿಗೆ ತಾಗದಂತೆ ನೀವೆಲ್ಲ ಒಣಕೋಲುಗಳಿಂದ ಎತ್ತಿ ಹಿಡಿದಿರಿ. ಅಕ್ಕನ ಯಂತ್ರ ಓಡಿತು, ಆದರೂ ನನ್ನ ಕಣ್ಣು ಆ ರೆಕ್ಕೆಗಳ ಮೇಲೇ ಇತ್ತು. ಗಾಳಿ ನಿಂತರೆ ರೆಕ್ಕೆಯೂ ನಿಲ್ಲುತ್ತದೆ. ವಿಪರೀತವಾದರೆ ಮುರಿಯದಿರಲೆಂದು ನಾವೇ ನಿಲ್ಲಿಸಬೇಕು. ನಿಲ್ಲಬೇಡ, ಜೋರಾಗಲೂ ಬೇಡ ಎಂದು ಗಾಳಿಯನ್ನು ಬೇಡಿಕೊಂಡೆ. ರಸ್ತೆಯ ಮರ ಕಡಿದ ಮೇಲೆ, ಸಂಜೆ ಸಿಲಿಂಡರ್ ಬಂತು. ಅಕ್ಕ ಉಳಿದಳು.

ಬಿಸಿಲಿದ್ದರೆ ಫಲಕ, ಗಾಳಿಯಿದ್ದರೆ ರೆಕ್ಕೆ, ಎರಡೂ ಕೈಕೊಟ್ಟರೆ ಎಲ್ಲರೂ ಸೇರಿ ಬ್ಯಾಟರಿಯಲ್ಲಿ ಕೂಡಿಟ್ಟದ್ದು. ಈ ಕೋಣೆ ಅದಕ್ಕೇ. ಹಾಗಿದ್ದ ಮೇಲೆ ನನ್ನ ಭಯ ಹೋಗಬೇಕಲ್ಲವೇ? ಹೋಗಿಲ್ಲ. ಕಿಟಕಿಯಾಚೆ ಮೋಡ ಕಪ್ಪಾಗುತ್ತಿದೆ, ಮಾತಿನ ನಡುವೆ ನಾನು ಅತ್ತ ನೋಡಿದ್ದನ್ನು ನೀವು ಗಮನಿಸಿರುತ್ತೀರಿ.

ಹೊರಡುವಾಗ ಅಕ್ಕ ನನ್ನ ಕೂದಲು ಸರಿಮಾಡುತ್ತ ಹೇಳಿದಳು: “ನನ್ನ ಉಸಿರು ನೋಡ್ಕೊಳ್ಳೋಕೆ ಇಡೀ ಬೀದಿ ಇದೆ. ನೀನು ಆವತ್ತು ಬಿಗಿಹಿಡಿದ ಉಸಿರನ್ನ ಇನ್ನೂ ಬಿಟ್ಟಿಲ್ಲ ಕಣೇ. ಬಿಡು.”

ಪ್ರಯತ್ನಿಸುತ್ತಿದ್ದೇನೆ. ನಿಮ್ಮೆಲ್ಲರಿಗೂ ತುಂಬು ಹೃದಯದ ಧನ್ಯವಾದ. ಊಟಕ್ಕೆ ಮಾತ್ರ ನಿಲ್ಲಲಾರೆ. ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಾಳೆ. ನಮಸ್ಕಾರ.