ನಾಳೆ ಇಡಬೇಕಾದ ಹೆಸರು

ಅಧ್ಯಕ್ಷತೆ ವಹಿಸಿರುವ ಪೂಜ್ಯ ಪಾದ್ರಿಗಳೇ, ಮೀನುಗಾರರ ಸಂಘದ ಹಿರಿಯರೇ, ಚಹಾದ ಕೆಟಲ್ ಕೈಯಲ್ಲೇ ಹಿಡಿದು ನಿಂತಿರುವ ತಾಯಂದಿರೇ, ಸಭಿಕರೇ,

ಊರಿನ ಮಕ್ಕಳಿಗೆಲ್ಲ ಹೆಸರು ಹುಡುಕಿಕೊಟ್ಟ ಮೇಷ್ಟ್ರು ಎಂದು ನನಗೆ ಈ ಗಡಿಯಾರ ಕೊಟ್ಟಿದ್ದೀರಿ. ಮಾರ್ಗರೆಟ್ ಎಂದರೆ ಮುತ್ತು. ಫಿಲಿಪ್ ಎಂದರೆ ಕುದುರೆಪ್ರಿಯ. ನಮ್ಮ ಫಿಲಿಪ್ ಕತ್ತೆಯ ಮೇಲೂ ಕೂರಲಾರ, ಆ ಮಾತು ಬೇರೆ. ಹಿಲ್ಡಾ ಎಂದರೆ ಯುದ್ಧ. ಅನುಮಾನವಿದ್ದವರು ಅವಳ ಗಂಡನನ್ನು ಕೇಳಿ.

ಆದರೆ ನನ್ನ ಮನಸ್ಸು ಇಲ್ಲಿಲ್ಲ. ನಾಳೆ ಮೊಮ್ಮಗನ ದೀಕ್ಷಾಸ್ನಾನ, ಮಗುವಿನ ಪರವಾಗಿ ನಿಲ್ಲುವ ಜ್ಞಾನತಂದೆ ನಾನೇ. 'ಈ ಮಗುವಿಗೆ ಹೆಸರಿಡಿ' ಎಂದು ಪಾದ್ರಿಗಳು ಕೇಳಿದಾಗ ನನ್ನ ಬಾಯಿಂದ ಬಂದದ್ದೇ ಹೆಸರು. ತಲೆಗೆ ನೀರು ಬಿದ್ದರೆ ಮುಗಿಯಿತು. ಹಿಂದೆ ಹೀಗೇ ಜ್ಞಾನತಂದೆಯಾಗಿ ನಿಂತ ಮುದುಕ ಸಿಲಾಸ್ ಗಾಬರಿಯಲ್ಲಿ ತನ್ನ ನಾಯಿಯ ಹೆಸರು ಹೇಳಿಬಿಟ್ಟ. ನೆಲ್ ಅಕ್ಕ ಇವತ್ತಿಗೂ ಅದೇ ಹೆಸರಿನಲ್ಲಿ ನಮಗೆ ಚಹಾ ಕೊಡುತ್ತಿದ್ದಾಳೆ. ನಗಿ, ನಗಿ. ನನಗೆ ನಗು ಬರುತ್ತಿಲ್ಲ.

ಮಗಳು ಜುಡಿತ್ ತನ್ನ ಅಣ್ಣನ ಹೆಸರನ್ನೇ ಇಡಬೇಕೆನ್ನುತ್ತಾಳೆ. ಅವನ ದೋಣಿ ಹಿಂತಿರುಗದ ದಿನದಿಂದ ನಾನು ಆ ಹೆಸರೆತ್ತಿಲ್ಲ. ಮುಳುಗಿದವನ ಹೆಸರು ಮಗುವಿಗೆ ಇಟ್ಟರೆ ಸಮುದ್ರಕ್ಕೆ ಗುರುತು ಸಿಗುತ್ತದೆ ಎನ್ನುವುದು ನಮ್ಮ ಕರಾವಳಿಯ ಮಾತು. ಓದಿದವನು ನಾನು, ನಂಬಬೇಕೇ? ನಂಬದಿರಲು ಧೈರ್ಯ ಬೇಕಲ್ಲ!

ನನ್ನ ಹೆಂಡತಿ ಅಂದಳು: "ಒಬ್ಬನ್ನ ಕೊಟ್ಟಿದ್ದು ಸಾಲ್ದಾ? ಇನ್ನೊಬ್ಬನ್ನೂ ಹೆಸರು ಹಿಡಿದು ಕರೆದು ಕೊಡ್ಬೇಕಾ?" ಜುಡಿತ್ ಬಿಟ್ಟಾಳೆಯೇ? "ಅಮ್ಮಾ, ಈ ಊರಲ್ಲಿ ಮುಳುಗದೇ ಇರೋ ಹೆಸರು ಯಾವ್ದಿದೆ ಹೇಳು, ಅದನ್ನೇ ಇಡ್ತೀನಿ."

ಜಾರ್ಜ್‌ಗಳೂ ಮುಳುಗಿದ್ದಾರೆ, ಗೊತ್ತು. ಆದರೂ ನಾನು ಆರಿಸಿದ್ದು ಆ ಹೆಸರನ್ನೇ; ಜಾರ್ಜ್ ಎಂದರೆ ಮಣ್ಣು ಉಳುವವನು. ನೇಗಿಲು ಹಿಡಿದವನನ್ನು ಅಲೆ ಏನು ಮಾಡೀತು? ನಾಳೆ ನಾನು ಜಾರ್ಜ್ ಎಂದುಬಿಟ್ಟು, ಬಾಯಿ ತಪ್ಪಿತು ಎಂದರೆ ಯಾರು ಕೇಳುತ್ತಾರೆ? ಸಿಲಾಸನನ್ನು ಯಾರು ಕೇಳಿದರು?

ಜುಡಿತ್, ಹಾಗೆ ನೋಡಬೇಡಮ್ಮ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು.

ನಿನ್ನ ಅಣ್ಣನಿಗೆ ಹೆಸರು ಹುಡುಕಿದವನೂ ನಾನೇ. ಸಂಪತ್ತನ್ನು ಕಾಯುವವನು ಎಂದು ಅದರ ಅರ್ಥ. ಪಾಪ, ತನ್ನನ್ನೇ ಕಾಯ್ದುಕೊಳ್ಳಲಾಗಲಿಲ್ಲ ಅವನಿಗೆ. ಊರಿಗೆಲ್ಲ ಅರ್ಥ ಹಂಚಿದೆ, ನನ್ನ ಮನೆಯಲ್ಲೇ ಅರ್ಥ ಕೈಕೊಟ್ಟಿತು. ಜಾರ್ಜ್ ಮಾತ್ರ ಕಾಯುತ್ತಾನೆಂದು ಯಾವ ಬಾಯಲ್ಲಿ ಹೇಳಲಿ?

ಮಗು ಎದ್ದಿದೆಯಲ್ಲ, ಇತ್ತ ತಿರುಗಿಸು.

ಎಡ್ಮಂಡ್. ಎಡ್ಮಂಡ್, ನಾನು ಕಣೋ, ನಿನ್ನ ತಾತ.

ಹೇಳಿದೆ. ಇಷ್ಟು ದಿನ ಎತ್ತದ ನನ್ನ ಮಗನ ಹೆಸರು. ಸಮುದ್ರ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಇಷ್ಟು ಹೊತ್ತು ಕುಳಿತು ಕೇಳಿದಿರಿ, ನಿಮ್ಮ ಋಣ ದೊಡ್ಡದು. ನಾಳೆಯೂ ಬನ್ನಿ, ಹಿಂದಿನ ಬೆಂಚಿನಲ್ಲಿ ಕೂರಬೇಡಿ, ನನ್ನ ಹತ್ತಿರ ನಿಂತುಕೊಳ್ಳಿ. ನಮಸ್ಕಾರ.