ಖಾಲಿ ಬಿಟ್ಟ ಮನೆ ನಂಬರು

ಅಧ್ಯಕ್ಷ ಶಂಕರಲಿಂಗ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ವಾಸ್ಕೋ, ಸಡಾ, ದಾಬೋಲಿಮ್ ಕಡೆಯಿಂದ ರವಿವಾರದ ನಿದ್ದೆ ಬಿಟ್ಟು ಬಂದ ಸಭಿಕರೇ,

ಐದು ವರ್ಷ ಒಂದು ದಿನವೂ ನಿಲ್ಲದ ಕಂಪ್ಯೂಟರ್ ವ್ಯವಸ್ಥೆ ಮಾಡಿದವ ಎಂದು ನಮ್ಮ ಸಂಘ ಇಂದು ನನಗೆ ಶಾಲು ಹೊದಿಸಿದೆ. ಅದು ಯಾಕೆ ನಿಲ್ಲಲಿಲ್ಲ ಎಂದು ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ.

2004ರಲ್ಲಿ ಬಂದರಿನ ಹತ್ತಿರದ ಒಂದು ಗೋದಾಮಿಗೆ ಆ ಕೆಲಸ ಮಾಡಿಕೊಟ್ಟೆ. ಗೇಟು, ಲಾರಿಗಳ ಪಾಳಿ, ಒಳಗೆ ಯಾರಿದ್ದಾರೆ ಎಂಬ ಪಟ್ಟಿ, ಮೂರಕ್ಕೂ ಒಂದೇ ಲೈಬ್ರರಿ. ಲೈಬ್ರರಿ ಎಂದರೆ ಒಯ್ದ ಪುಸ್ತಕ ಮರಳಿ ಬಾರದ ನಮ್ಮ ಸಂಘದ ವಾಚನಾಲಯವಲ್ಲ, ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಳ್ಳುವ ಸಿದ್ಧ ಕೋಡು. ಅದರಲ್ಲಿ ಪ್ರತಿ ಕೆಲಸಗಾರನಿಗೆ ಒಂದು ಪಾಯಿಂಟರ್, ಅಂದರೆ ಅವನ ಮನೆಯ ವಿವರ ಎಲ್ಲಿದೆ ಎಂದು ತೋರಿಸುವ ಚೀಟಿ. ಚೀಟಿ ಖಾಲಿ ಇದ್ದರೆ ಅದಕ್ಕೆ ನಲ್ ಎನ್ನುತ್ತೇವೆ. ಯಂತ್ರ ಖಾಲಿ ಚೀಟಿ ಹಿಡಿದು ಮನೆ ಹುಡುಕಲು ಹೋದರೆ ಮೂರೂ ಕೆಲಸ ನಿಂತುಬಿಡುತ್ತವೆ.

ನೀವು ಎಣಿಸಿದ ಐದು ವರ್ಷಕ್ಕೆ ಮುಂಚೆ, ಮೊದಲ ವಾರವೇ ಒಮ್ಮೆ ನಿಂತಿತು. ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದವು. ಕಾರಣ ಹಮಾಲ ಖೀರಪ್ಪ. ಸಡಾ ಗುಡ್ಡದ ಮೇಲಿನ ಅವನ ಮನೆಗೆ ನಂಬರೇ ಇರಲಿಲ್ಲ. "ಮಂದಿ ನಂಬರ ಯಾಕ ಬರಸ್ಲಿ ಸಾಹೇಬ್ರ? ಖರೇ ಇದ್ದದ್ದು ಹೇಳತೇನಿ. ಖಾಲಿ ಬಿಡ್ರಿ" ಎಂದಿದ್ದ.

ನಾನೂ ಅದೇ ಗುಡ್ಡದಲ್ಲಿ ಬೆಳೆದವ. ನನ್ನನ್ನು ಶಾಲೆಗೆ ಹಚ್ಚುವಾಗ ಅಪ್ಪ ಕಿರಾಣಿ ಅಂಗಡಿಯ ಮಲಂಗಸಾಬ ಚಾಚಾನ ಮನೆ ನಂಬರು ಬರೆಸಿದ್ದ. ಹೀಗಿರುವಾಗ, ಅಲ್ಲಿಯ ಎಷ್ಟೋ ಮನೆಗಳಿಗೆ ನಂಬರು ಇಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವಸರದಲ್ಲಿ ಲೈಬ್ರರಿಗೆ ಒಂದು ಸಾಲು ಸೇರಿಸಿದೆ: ಚೀಟಿ ಖಾಲಿ ಇದ್ದರೆ ಆ ಹೆಸರು ಬಿಟ್ಟು ಮುಂದೆ ಹೋಗು. ಯಂತ್ರ ಮತ್ತೆ ನಿಲ್ಲಲಿಲ್ಲ. ಎಲ್ಲರೂ ಶಹಬ್ಬಾಸ್ ಅಂದರು.

ಆ ಸಾಲು ಸೇರಿಸಿದ ಒಂಬತ್ತನೆಯ ದಿನ ಗೋದಾಮಿನಲ್ಲಿ ಚೀಲಗಳ ರಾಶಿ ಕುಸಿಯಿತು. ಪಟ್ಟಿ ತೆಗೆದೆವು. ಇಪ್ಪತ್ಮೂರು ಹೆಸರು. ಹೊರಗೆ ಇಪ್ಪತ್ಮೂರು ಜನ ನಿಂತಿದ್ದರು. ಹುಡುಕುವುದನ್ನು ನಿಲ್ಲಿಸಿದೆವು. ಖೀರಪ್ಪನನ್ನು ಅಂದಷ್ಟೇ ಹಮಾಲರ ಬೇರೆ ಟೋಳಿಯಿಂದ ಆ ರಾಶಿಯ ಕೆಲಸಕ್ಕೆ ಕಳಿಸಿದ್ದರು, ಈ ಟೋಳಿಯಲ್ಲಿ ಅವನ ಗುರುತು ಯಾರಿಗೂ ಇರಲಿಲ್ಲ.

ಸುದ್ದಿ ಕೇಳಿ ಅವನ ಹೆಂಡತಿ ಲಕ್ಷ್ಮವ್ವ ಗೇಟಿಗೆ ಬಂದಳು. "ನಮ್ಮನಿಯವ್ರು ಒಳಗದಾರ್ರಿ, ಬುತ್ತಿ ನಾನ ಕಟ್ಟೇನಿ" ಎಂದಳು. ನಾನು ಪಟ್ಟಿ ತೋರಿಸಿದೆ. "ಹೆಸರ ಇಲ್ಲವ್ವಾ ತಂಗಿ, ಅಂವ ಇವತ್ತ ಬಂದಿಲ್ಲ" ಎಂದೆ. ಆಕೆ ಕದಲಲಿಲ್ಲ. ಎರಡು ತಾಸಿನ ಮೇಲೆ ಚೀಲ ಸರಿಸಿದಾಗ ಸಿಕ್ಕ. ಉಸಿರು ನಿಂತಿತ್ತು, ಮೈ ಇನ್ನೂ ಬೆಚ್ಚಗಿತ್ತು.

ಪಾಸಿಲ್ಲದೆ ಒಳಗೆ ನುಗ್ಗಿದ್ದ ಎಂದು ವರದಿಯಾಯಿತು. ಅವನ ಹೆಸರನ್ನು ಪಟ್ಟಿಯಿಂದ ಬಿಟ್ಟದ್ದು ನನ್ನ ಆ ಒಂದು ಸಾಲು. ಅಂದೇ ಸಂಜೆ ಕೋಡು ತಿದ್ದಿದೆ. ಈಗ ಮನೆ ನಂಬರು ಇಲ್ಲದವನ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಅರ್ಧ ತಾಸಿನ ಕೆಲಸ ಅದು. ಬಾಯಿ ತೆರೆಯಲು ಮಾತ್ರ ಐದು ವರ್ಷ ಬೇಕಾಯಿತು. ನನಗೆ ನಾಚಿಕೆಯಾಗುತ್ತದೆ.

ಲಕ್ಷ್ಮವ್ವ ಇವತ್ತು ಇಲ್ಲೇ ಕೊನೆಯ ಸಾಲಿನಲ್ಲಿ ಕೂತಿದ್ದಾಳೆ. ತಂಗಿ, ನಿನ್ನ ಗಂಡ ಕದ್ದು ಒಳಗೆ ಹೋಗಿರಲಿಲ್ಲ. ಮುಂಜಾನೆ ಏಳು ಐವತ್ತಕ್ಕೆ ಕಾರ್ಡು ತೋರಿಸಿ ಗೇಟಿನಿಂದಲೇ ಹೋಗಿದ್ದ. ಪಟ್ಟಿ ಬಿಟ್ಟರೂ ಗೇಟಿನ ಯಂತ್ರ ಅವನ ಕಾರ್ಡು ಬರೆದುಕೊಂಡಿತ್ತು, ಆ ದಾಖಲೆ ನನ್ನ ಚೀಲದಲ್ಲಿದೆ. ನಾಳೆ ನೀನು ಹೇಳಿದ ಕಡೆ ಬಂದು ಇದನ್ನೇ ಹೇಳುತ್ತೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ತಮಗೆಲ್ಲ ಧನ್ಯವಾದ. ಆ ಕೊನೆಯ ಸಾಲಿಗೆ ನನ್ನ ನಮಸ್ಕಾರ.